ನೆಲೆ, ಹಿನ್ನೆಲೆ, ಮುನ್ನೆಲೆ

ಪುಸ್ತಕ ಬಿಡುಗಡೆಗಳಿಗೆ ತಪ್ಪದೆ ಹಾಜರಿ ಹಾಕುವವರಿಗೆ ಒಂದು ವಿದ್ಯೆ ತಾನಾಗಿ ಕೈಗೂಡುತ್ತದೆ. ವೇದಿಕೆಯ ಮೇಲೆ ಕೂತವರಲ್ಲಿ ಪುಸ್ತಕ ಓದಿ ಬಂದವರು ಯಾರು, ಕಾರಿನಲ್ಲಿ ಬರುತ್ತಾ ಬೆನ್ನುಡಿ ನೋಡಿಕೊಂಡವರು ಯಾರು ಅಂತ ಭಾಷಣದ ಮೊದಲ ಎರಡು ನಿಮಿಷದಲ್ಲೇ ಹೇಳಿಬಿಡಬಹುದು. ಓದಿದವರು ತಡವರಿಸುತ್ತಾರೆ. "ಅದೇ, ಆ ಮುದುಕಿ ಬಾವಿಕಟ್ಟೆ ಹತ್ತಿರ ನಿಂತುಕೊಂಡು ಏನೋ ಅಂತಾಳಲ್ಲ, ತಾಳಿ..." ಎಂದು ಪುಟ ತಿರುವುತ್ತಾರೆ. ಚೀಟಿ ಇಟ್ಟ ಪುಟ ಸಿಗುವುದಿಲ್ಲ, ಸಿಕ್ಕರೆ ಕನ್ನಡಕ ಸಿಗುವುದಿಲ್ಲ. ಓದದವರದು ಹಾಗಲ್ಲ, ತಡೆಯಿಲ್ಲದ ಪ್ರವಾಹ. "ಸಮಕಾಲೀನ ಸಂಕಥನಗಳ ಹಿನ್ನೆಲೆಯಲ್ಲಿ, ಅಸ್ಮಿತೆಯ ಹುಡುಕಾಟದ ನೆಲೆಯಲ್ಲಿ, ಅಂಚಿನ ದನಿಗಳನ್ನು ಮುನ್ನೆಲೆಗೆ ತರುತ್ತಾ, ಈ ಕೃತಿ ಯಜಮಾನಿಕೆಯೊಂದಿಗೆ ಅನುಸಂಧಾನ ನಡೆಸುತ್ತದೆ." ಈ ವಾಕ್ಯ ಹೊಂದದ ಪುಸ್ತಕ ಕನ್ನಡದಲ್ಲಿ ಇನ್ನೂ ಅಚ್ಚಾಗಿಲ್ಲ. ಕಾದಂಬರಿಗೂ ಸರಿ, ಹನಿಗವನಕ್ಕೂ ಸರಿ, ಸಹಕಾರ ಸಂಘದ ವಾರ್ಷಿಕ ವರದಿಗೂ ಸರಿ. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿ ಬಂದವರು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಬರೀ ಊಟದ ಕಡೆಯೋ ಅಂತ ವಿಚಾರಿಸುತ್ತಾಳೆಯೆ?

ಇದನ್ನು ಕೇಳಿ ಪರಿಭಾಷೆಯೇ ಕೆಟ್ಟದ್ದು, ಸಿದ್ಧಾಂತವೇ ಮೋಸ ಅಂತ ನಾನು ಹೊರಟಿದ್ದೇನೆಂದು ತಿಳಿಯಬೇಡಿ. ಹಾಗೆ ಹೊರಟರೆ ನನ್ನನ್ನು ಬದುಕಗೊಡದ ಇಬ್ಬರ ನಡುವೆ ನಾನು ವಾಸವಾಗಿದ್ದೇನೆ. ಕೆಳಗಿನ ಮನೆಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರು. ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂದದ್ದೇ ಬಂದದ್ದು, ಸಾಹಿತ್ಯದ ಬಗ್ಗೆ ಹೇಳುವುದೆಲ್ಲ ಅಲ್ಲಿಗೆ ಮುಗಿಯಿತು, ಆಮೇಲಿನದೆಲ್ಲ ಮರುಮುದ್ರಣ ಎಂಬುದು ಅವರ ಮತ. ಮೇಲಿನ ಮಹಡಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗ. 1967ಕ್ಕೆ ಮುಂಚೆ ಲೋಕದಲ್ಲಿ ಯಾರೂ ಯೋಚನೆಯನ್ನೇ ಮಾಡಿರಲಿಲ್ಲ, ಆ ವರ್ಷ ದೆರಿದಾ ಒಟ್ಟಿಗೆ ಮೂರು ಪುಸ್ತಕ ತಂದ ಮೇಲೆಯೇ ಜನ ಶುರುಮಾಡಿದರು ಎಂಬುದು ಅವನ ಮತ. ಮೇಷ್ಟ್ರ ಮನೆಯಲ್ಲಿ ಫಿಲ್ಟರ್ ಕಾಫಿ, ಹುಡುಗನ ಕೋಣೆಯಲ್ಲಿ ಶುಂಠಿ ಟೀ. ಎರಡಕ್ಕೂ ನನಗೆ ಪ್ರವೇಶವಿದೆ. ಹಾಗಾಗಿ ನಾನು ಯಾವ ಪಂಥಕ್ಕೂ ಸೇರಿದವನಲ್ಲ.

ಮೇಷ್ಟ್ರ ಕಡೆಯಿಂದಲೇ ಶುರುಮಾಡೋಣ. ಅವರ ದೇವರುಗಳೆಲ್ಲ ಕಾಶ್ಮೀರದವರು. ವಾಮನ, ಉದ್ಭಟ, ಆನಂದವರ್ಧನ, ಕುಂತಕ, ಅಭಿನವಗುಪ್ತ, ಕ್ಷೇಮೇಂದ್ರ, ಮಮ್ಮಟ, ಎಲ್ಲರೂ ಆ ಚಳಿಯಲ್ಲಿ ಕೂತು ಕಾವ್ಯದ ಆತ್ಮ ಯಾವುದು ಅಂತ ಬಡಿದಾಡಿದವರು. ಜಯಾಪೀಡನ ಆಸ್ಥಾನದಲ್ಲಿ ಉದ್ಭಟನಿಗೆ ದಿನವೊಂದಕ್ಕೆ ಒಂದು ಲಕ್ಷ ದೀನಾರ ಸಂಬಳವಿತ್ತೆಂದು ಕಲ್ಹಣನ 'ರಾಜತರಂಗಿಣಿ' ಹೇಳುತ್ತದೆ. ಈ ಸಂಗತಿ ಬಂದಾಗಲೆಲ್ಲ ಮೇಷ್ಟ್ರು ತಮ್ಮ ಪಿಂಚಣಿಯ ಕಡೆ ಹೊರಳುತ್ತಾರೆ. ಆ ಕಾಲದ ಕಾಶ್ಮೀರದಲ್ಲಿ ದೀನಾರ ಅಂದರೆ ತೀರ ಚಿಲ್ಲರೆ ಕಾಸಿನ ಲೆಕ್ಕ ಅಂತ ಇತಿಹಾಸಕಾರರು ಹೇಳಿರುವುದನ್ನು ನಾನು ಅವರಿಗೆ ತಿಳಿಸಿಲ್ಲ. ಮುಪ್ಪಿನಲ್ಲಿ ಅಷ್ಟಾದರೂ ಸುಖ ಇರಲಿ.

ಆದರೆ ಆ ಕಾಶ್ಮೀರದವರು ಸುಮ್ಮನೆ ಪದ ಹುಟ್ಟಿಸಿ ಸಂಬಳ ಎಣಿಸಿದವರಲ್ಲ. ಅವರು ಒಂದು ಚಿಕ್ಕ ಪದ್ಯದ ಮುಂದೆ ಹೇಗೆ ಪಟ್ಟು ಹಿಡಿದು ಕೂರುತ್ತಿದ್ದರು ಅನ್ನುವುದಕ್ಕೆ ಒಂದು ಪ್ರಸಂಗ ಹೇಳಬೇಕು. ಹಾಲನ ಹೆಸರಿನ ಪ್ರಾಕೃತ 'ಗಾಥಾಸಪ್ತಶತಿ'ಯಲ್ಲಿ ಒಬ್ಬಳು ಹೆಂಗಸು. ಗೋದಾವರಿ ದಂಡೆಯ ಬಳ್ಳಿಗಳ ಮರೆಯಲ್ಲಿ ನಲ್ಲನನ್ನು ಕಾಣುವುದು ಅವಳ ರೂಢಿ. ಅಲ್ಲಿಗೇ ಒಬ್ಬ ಧರ್ಮಿಷ್ಠ ಹೂ ಕೊಯ್ಯಲು ಬರತೊಡಗಿದ್ದಾನೆ. ನಾಯಿ ಕಂಡರೆ ಅವನಿಗೆ ಭಯ, ಆದರೂ ಬರುತ್ತಾನೆ. ಇವಳು ಬಹಳ ವಿನಯದಿಂದ ಅವನಿಗೆ ತಿಳಿಸುತ್ತಾಳೆ: ಸ್ವಾಮಿ, ಇನ್ನು ನಿಶ್ಚಿಂತೆಯಿಂದ ಓಡಾಡಿ, ಆ ನಾಯಿಯನ್ನು ಇವತ್ತು ಪೊದೆಯಲ್ಲಿ ವಾಸವಾಗಿರುವ ಸಿಂಹ ಕೊಂದುಹಾಕಿದೆ.

ಮಾತಿನಲ್ಲಿರುವುದು "ಬನ್ನಿ". ಕೇಳಿಸುವುದು "ಈ ಕಡೆ ತಲೆ ಹಾಕಿ ಮಲಗಲೂ ಬೇಡಿ". ಹಾಗಾದರೆ ಆ "ಬೇಡ" ಬಂದದ್ದೆಲ್ಲಿಂದ? ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಕೇಳಿದ ಪ್ರಶ್ನೆ ಇಷ್ಟೇ. ಇಡೀ ಪದ್ಯದಲ್ಲಿ ಬೇಡ ಅನ್ನುವ ಒಂದು ಅಕ್ಷರವಿಲ್ಲ. ಅಭಿಧೆ ಅಂದರೆ ನೇರ ಅರ್ಥ, ಅದು ಅಲ್ಲ. ಲಕ್ಷಣೆ ಅಂದರೆ ನೇರ ಅರ್ಥ ಹೊಂದದಾಗ ಪಕ್ಕಕ್ಕೆ ಸರಿದು ತಗೊಳ್ಳುವ ಅರ್ಥ, ಅದಕ್ಕೂ ಇಲ್ಲಿ ಕೆಲಸವಿಲ್ಲ, ನೇರ ಅರ್ಥ ಚೆನ್ನಾಗಿಯೇ ಹೊಂದುತ್ತಿದೆ. ಹಾಗಾದರೆ ಮಾತಿಗೆ ಮೂರನೆಯದೊಂದು ಶಕ್ತಿ ಇರಲೇಬೇಕು ಅಂದ. ವ್ಯಂಜನೆ ಅಂತ ಹೆಸರಿಟ್ಟ, ಅದರಿಂದ ಹೊಮ್ಮುವುದು ಧ್ವನಿ ಅಂದ. ಇವತ್ತು ಎಂ.ಎ. ನೋಟ್ಸಿನಲ್ಲಿ ಒಂದು ಸಾಲಿನ ಉತ್ತರವಾಗಿ ಬಿದ್ದಿರುವ ಈ ಪದದ ಹಿಂದೆ ಒಬ್ಬ ಹೆದರುಪುಕ್ಕಲ ಪೂಜೆಯವನು, ಒಂದು ಸತ್ತ ನಾಯಿ, ಇಲ್ಲದ ಒಂದು ಸಿಂಹ ಇದ್ದಾರೆ.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ಎರಡು ಶತಮಾನ ಕಳೆದ ಮೇಲೆ ಮಹಿಮಭಟ್ಟ ಬಂದ. ಮೂರನೆಯ ಶಕ್ತಿಯೂ ಇಲ್ಲ, ಮಣ್ಣೂ ಇಲ್ಲ, ಇದು ಬರೀ ಅನುಮಾನ, ಹೊಗೆ ನೋಡಿ ಬೆಂಕಿ ಊಹಿಸಿದ ಹಾಗೆ: ಅಲ್ಲಿ ಸಿಂಹವಿದೆ, ಇವನು ಪುಕ್ಕಲ, ಆದ್ದರಿಂದ ಇವನು ಹೋಗಬಾರದು, ಮುಗಿಯಿತು, ಅಂತ ಸಾಧಿಸುವುದಕ್ಕೆ 'ವ್ಯಕ್ತಿವಿವೇಕ' ಅನ್ನುವ ಗ್ರಂಥವನ್ನೇ ಬರೆದ. ಅದಕ್ಕೆ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಕೊಟ್ಟ ಉತ್ತರ ಓದಿದರೆ ಈಗಲೂ ನಗು ಬರುತ್ತದೆ. ಪುಕ್ಕಲರು ಅಪಾಯದ ಜಾಗಕ್ಕೆ ಹೋಗುವುದೇ ಇಲ್ಲ ಅಂತ ಯಾರು ಹೇಳಿದರು? ಗುರು ಹೇಳಿದರೆ ಹೋಗುತ್ತಾರೆ, ಪ್ರೀತಿ ಎಳೆದರೆ ಹೋಗುತ್ತಾರೆ. ನಾಯಿಗೆ ಹೆದರುವವನು ಸಿಂಹಕ್ಕೆ ಹೆದರಲೇಬೇಕೆಂದೇನಿದೆ, ಅವನು ವೀರನೂ ಆಗಿರಬಹುದು. ಕಡೆಗೆ, ಅಲ್ಲಿ ಸಿಂಹ ಇದೆ ಅನ್ನುವುದಕ್ಕೆ ಆಧಾರವೇನು? ಹೇಳಿದವಳು ಅವಳು ತಾನೆ! ತರ್ಕಕ್ಕೆ ಬೇಕಾದ ಹೊಗೆಯೇ ಸುಳ್ಳಿರಬಹುದಾದಾಗ ಬೆಂಕಿ ಊಹಿಸುವುದೆಲ್ಲಿಂದ? ಹೀಗೆ ಮೂರು ತಲೆಮಾರಿನ ಘನ ಪಂಡಿತರು ಒಬ್ಬಳ ಸುಳ್ಳಿನ ಸುತ್ತ ಕೂತು ವಾದ ಮಾಡಿದರು. ಆ ಧರ್ಮಿಷ್ಠ ಹೂವಿಗೆ ಹೋದನೋ ಬಿಟ್ಟನೋ ಯಾರಿಗೂ ಬೇಕಾಗಲಿಲ್ಲ.

ಇದೇ ಮಮ್ಮಟ ಇನ್ನೊಂದು ಉದಾಹರಣೆ ಕೊಡುತ್ತಾನೆ, ಹೊತ್ತು ಮುಳುಗಿತು ಅನ್ನುವ ಸಾದಾ ಮಾತು. ದಂಡನಾಯಕನಿಗೆ ಅದು ಶತ್ರುವಿನ ಮೇಲೆ ಬೀಳುವ ಸಮಯ, ಪ್ರೇಯಸಿಗೆ ಹೊರಡುವ ಸಮಯ, ಕೂಲಿಯವನಿಗೆ ಕೆಲಸ ನಿಲ್ಲಿಸುವ ಸಮಯ, ವೈದಿಕನಿಗೆ ಸಂಧ್ಯಾವಂದನೆ, ಗೋವಳನಿಗೆ ದನ ಹೊಡೆದುಕೊಂಡು ಬರುವುದು, ಅಂಗಡಿಯವನಿಗೆ ಸರಕು ಎತ್ತಿಡುವುದು. ಮಾತು ಒಂದೇ, ಕಿವಿಗೊಂದು ಅರ್ಥ. ನಮ್ಮ ಮನೆಯಲ್ಲಿ ದಿನಾ ಸಂಜೆ ಇದು ನಡೆಯುತ್ತದೆ. ಬಾಗಿಲಲ್ಲಿ ನಿಂತು "ಕತ್ತಲಾಯ್ತು" ಅಂತ ಒಂದು ಸಲ ಅಂದರೆ ಸಾಕು. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗ ಬ್ಯಾಟು ಬಗಲಿಗಿಡುತ್ತಾನೆ, ನಾನು ಹಾಲಿನ ಬೂತಿನ ಕಡೆ ಹೊರಡುತ್ತೇನೆ, ಮಧ್ಯಾಹ್ನ ಬಂದು ಇನ್ನೂ ಎದ್ದಿರದ ನೆಂಟರು ಬಸ್ಸಿನ ವೇಳೆ ವಿಚಾರಿಸುತ್ತಾರೆ. ನೆಂಟರಿಗೆ ಹೇಳಿದ್ದು ಅಂತ ಯಾರೂ ರುಜುವಾತು ಮಾಡಲಾರರು, ಅದರಲ್ಲೇ ಇದೆ ಅದರ ಶಕ್ತಿ. ವಾಚ್ಯವಾಗಿ ಹೇಳಿದ್ದರೆ ಜಗಳ, ಧ್ವನಿಯಾಗಿ ಹೇಳಿದ್ದಕ್ಕೆ ಸಂಸಾರ ನಡೆಯುತ್ತಿದೆ.

ಮಹಡಿ ಹುಡುಗನಿಗೆ ಇದನ್ನು ಹೇಳಿದೆ. "ಓದುಗ ಪ್ರತಿಕ್ರಿಯಾ ಸಿದ್ಧಾಂತ ಅಲ್ವಾ ಸಾರ್ ಇದು, ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಬಂತು" ಅಂದ. ಕೆಳಗೆ ಬಂದು ಮೇಷ್ಟ್ರಿಗೆ ಇದನ್ನು ವರದಿ ಮಾಡಿದೆ. "ನೋಡಿದಿರಾ, ಎಲ್ಲ ನಮ್ಮಲ್ಲೇ ಇತ್ತು" ಅಂದರು. ಕನ್ನಡ ವಿಮರ್ಶೆಯ ದೊಡ್ಡ ಕಾಯಿಲೆಗಳು ಇವೆರಡೇ. ಒಂದು, ಅಲ್ಲಿಂದ ಬಂದರೆ ಮಾತ್ರ ಇದೆ. ಇನ್ನೊಂದು, ಎಲ್ಲಿಂದ ಬಂದರೂ ನಮ್ಮಲ್ಲಿತ್ತು.

ನಿಜವಾಗಿ ಅಲ್ಲಿಯದನ್ನೂ ಇಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರ ಬಾಯಿಯೂ ಕಟ್ಟುವಂಥ ಜಾಗಗಳಿವೆ. ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ನನಗೆ ಬಹಳ ಇಷ್ಟವಾದದ್ದು ನೋಡುವವನು ತನ್ನದೇ ಸುಖದುಃಖಕ್ಕೆ ವಶವಾಗಿರುವುದು. ನಾಟಕದಲ್ಲಿ ಸೀತೆ ಅಳುತ್ತಿರುತ್ತಾಳೆ, ಇವನ ತಲೆಯಲ್ಲಿ ಮನೆ ಸಾಲದ ಕಂತು. ಇದಕ್ಕೇ ರಂಗದ ಮೇಲೆ ಗೀತ, ವಾದ್ಯ, ನೃತ್ಯ, ಮಂಟಪದ ಸಿಂಗಾರ ಎಲ್ಲ ಇಟ್ಟಿರುವುದು, ಕಂತು ಮರೆಯಲಿ ಅಂತ. ಸುಮಾರು ಸಾವಿರ ವರ್ಷದ ಮೇಲೆ ಕೇಂಬ್ರಿಜ್ಜಿನಲ್ಲಿ ಐ.ಎ. ರಿಚರ್ಡ್ಸ್ ಒಂದು ಚೇಷ್ಟೆ ಮಾಡಿದ. 13 ಪದ್ಯಗಳನ್ನು ಕವಿಯ ಹೆಸರಿಲ್ಲದೆ ವಿದ್ಯಾರ್ಥಿಗಳಿಗೆ ಹಂಚಿ, ಓದಿ ಅನ್ನಿಸಿದ್ದನ್ನು ಬರೆದುಕೊಡಿ ಅಂದ. ಇಂಗ್ಲಿಷ್ ಸಾಹಿತ್ಯ ಓದಲೆಂದೇ ಬಂದಿದ್ದ ಜಾಣರು ಡನ್, ಹಾಪ್ಕಿನ್ಸ್‌ರಂಥ ಕವಿಗಳನ್ನು ಹಿಗ್ಗಾಮುಗ್ಗಾ ಜಾಡಿಸಿದರು, ಇವತ್ತು ಯಾರಿಗೂ ನೆನಪಿಲ್ಲದವರನ್ನು ತಲೆಯ ಮೇಲೆ ಹೊತ್ತರು. ಲಾಂಗ್‌ಫೆಲೋನ ಪದ್ಯಕ್ಕಂತೂ ಬಿದ್ದದ್ದು ಬರೀ ಉಗಿತ. ಹೆಸರು ಮುಚ್ಚಿದ್ದೇ ತಡ, ಅಭಿರುಚಿಯ ಬಣ್ಣ ಬಯಲಾಯಿತು.

ರಿಚರ್ಡ್ಸ್ ಆ ಉತ್ತರಗಳನ್ನೆಲ್ಲ ಸೋಸಿ 1929ರ 'ಪ್ರಾಕ್ಟಿಕಲ್ ಕ್ರಿಟಿಸಿಸಂ'ನಲ್ಲಿ ಓದಿಗೆ ಅಡ್ಡ ಬರುವ ಹತ್ತು ತೊಡಕುಗಳನ್ನು ಪಟ್ಟಿ ಮಾಡಿದ. ಪದ್ಯದಲ್ಲಿ ಬೆಟ್ಟ ಬಂದರೆ ಓದುವವನಿಗೆ ತನ್ನ ಮಧುಚಂದ್ರದ ಬೆಟ್ಟ ನೆನಪಾಗಿ ಪದ್ಯ ಕೈಬಿಟ್ಟುಹೋಗುವುದು ಒಂದು. ಅಭಿನವನ ಮನೆ ಸಾಲದವನ ತಮ್ಮ ಇವನು. ತಾಯಿ, ದೇಶ, ಸಾವು ಅನ್ನುವ ಮಾತು ಕಂಡ ಕೂಡಲೇ ಪದ್ಯ ಏನು ಹೇಳುತ್ತಿದೆಯೆಂದು ನೋಡದೆ ಕಣ್ಣಲ್ಲಿ ನೀರು ತರುವ ಸಿದ್ಧ ಪ್ರತಿಕ್ರಿಯೆ ಇನ್ನೊಂದು. ಪಟ್ಟಿಯ ಕೊನೆಯದು ನನಗೆ ಪರಮಪ್ರಿಯ. ಸಾಹಿತ್ಯ ಹೇಗಿರಬೇಕು ಅಂತ ಓದುವ ಮೊದಲೇ ತಲೆಯಲ್ಲಿ ಕಟ್ಟಿಕೊಂಡ ಸಿದ್ಧಾಂತ! ಅಂದರೆ ಇಪ್ಪತ್ತನೆಯ ಶತಮಾನದ ವಿಮರ್ಶೆಗೆ ಬುನಾದಿ ಹಾಕಿದವರಲ್ಲೊಬ್ಬ ಸಿದ್ಧಾಂತವನ್ನೇ ಓದಿನ ರೋಗಗಳ ಪಟ್ಟಿಗೆ ಹಾಕಿಟ್ಟಿದ್ದಾನೆ. ಈಗ ಆ ಹತ್ತನ್ನೂ ಬಾಯಿಪಾಠ ಮಾಡಿ, ಹೊಂದಿಸಿ ಬರೆಯಿರಿ ಪ್ರಶ್ನೆಗೆ ಸರಿಯುತ್ತರ ಕೊಟ್ಟು, ನೆಟ್ ಪರೀಕ್ಷೆ ಪಾಸಾಗಬಹುದು. ಒಂದೇ ಒಂದು ಪದ್ಯ ಓದಬೇಕಾಗಿಲ್ಲ.

ಟಿ.ಎಸ್. ಎಲಿಯಟ್ಟನ ಕತೆ ಇನ್ನೂ ಮಜ. 1919ರಲ್ಲಿ ಹ್ಯಾಮ್ಲೆಟ್ ನಾಟಕ ಕಲಾಕೃತಿಯಾಗಿ ಸೋತಿದೆ ಅಂತ ಒಂದು ಪ್ರಬಂಧ ಬರೆದು, ಅದರ ಮಧ್ಯೆ ವಸ್ತುಪ್ರತಿರೂಪ ಅನ್ನುವ ಕಲ್ಪನೆಯನ್ನು ಬಿಟ್ಟ. ಭಾವವನ್ನು ಭಾವ ಅಂತ ಹೇಳಿದರೆ ಆಗದು, ಅದನ್ನು ಎಬ್ಬಿಸುವ ವಸ್ತು, ಸನ್ನಿವೇಶ, ಘಟನೆಗಳ ಸರಣಿ ಬೇಕು ಅನ್ನುವುದು ಅದರ ತಿರುಳು. ನಮ್ಮ ಮೇಷ್ಟ್ರು ಕೂಡಲೇ "ವಿಭಾವ!" ಅಂತ ಕೂಗುತ್ತಾರೆ, ಈ ಒಂದು ಸಲ ಅವರ ಕೂಗಿನಲ್ಲಿ ಹುರುಳಿದೆ. ವಸ್ತುಪ್ರತಿರೂಪವನ್ನೂ ವಿಭಾವವನ್ನೂ ಹೋಲಿಸಿ ಅನ್ನುವ ಪ್ರಶ್ನೆ ಕನ್ನಡ ಎಂ.ಎ.ಯಲ್ಲಿ ಎಷ್ಟು ತಲೆಮಾರನ್ನು ದಾಟಿಸಿದೆಯೋ. ಹ್ಯಾಮ್ಲೆಟ್ಟಿಗೆ ಏನೂ ಆಗಲಿಲ್ಲ, ಪ್ರಬಂಧಕ್ಕೂ ಏನೂ ಆಗಲಿಲ್ಲ, ಆ ನುಡಿಗಟ್ಟು ಮಾತ್ರ ಲೋಕಸಂಚಾರ ಹೊರಟಿತು. 1956ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 13,000ಕ್ಕೂ ಮಿಕ್ಕಿ ಜನ ಸೇರಿದ ಸಭೆಯಲ್ಲಿ, ಹೌದು, ವಿಮರ್ಶೆಯ ಬಗ್ಗೆ ಭಾಷಣ ಕೇಳುವುದಕ್ಕೆ, ಎಲಿಯಟ್ಟೇ ತನ್ನ ಕೆಲವು ನುಡಿಗಟ್ಟುಗಳು ಕಂಡ ಯಶಸ್ಸು ತನಗೆ ಮುಜುಗರ ತಂದಿದೆ ಅಂತ ಒಪ್ಪಿಕೊಂಡ. ಹುಟ್ಟಿಸಿದವನಿಗೆ ಮುಜುಗರ, ನಮಗೆ ಅದು ಹತ್ತು ಅಂಕ.

ಇನ್ನು ಮಹಡಿ ಹುಡುಗನ ಇಷ್ಟದೈವ ರೋಲಾ ಬಾರ್ತ್. 1967ರಲ್ಲಿ ಲೇಖಕ ಸತ್ತ ಅಂತ ಸಾರಿದವನು. ಬರೆದವನ ಬದುಕು, ಉದ್ದೇಶ, ರುಚಿ, ರೋಗ ಹಿಡಿದು ಕೃತಿಯ ಅರ್ಥಕ್ಕೆ ಬೀಗ ಹಾಕಬೇಡಿ, ಅರ್ಥ ಕೂಡಿಬರುವ ಜಾಗ ಓದುಗ ಅನ್ನುವುದು ವಾದ. ಒಳ್ಳೆಯ ಮಾತು. ಆದರೆ ಕನ್ನಡದ ಸಭೆಗಳಲ್ಲಿ ಇದನ್ನು ಹೇಳುವಾಗ ಒಂದು ಇಕ್ಕಟ್ಟಿದೆ. ಭಾಷಣಕಾರರು "ಲೇಖಕ ಸತ್ತಿದ್ದಾನೆ" ಅಂತ ಗುಡುಗುತ್ತಿರುವಾಗ ಸತ್ತವರು ಪಕ್ಕದ ಕುರ್ಚಿಯಲ್ಲೇ ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಪೇಟ ಸರಿಮಾಡಿಕೊಳ್ಳುತ್ತಾ ತಲೆಯಾಡಿಸುತ್ತಿರುತ್ತಾರೆ. ಆಮೇಲೆ ಎದ್ದು ತಮ್ಮ ಕಾದಂಬರಿಯ ನಿಜವಾದ ಅರ್ಥವನ್ನು ನಲವತ್ತು ನಿಮಿಷ ವಿವರಿಸುತ್ತಾರೆ.

ಬಾರ್ತ್ ಸತ್ತ ಲೇಖಕನ ಜಾಗಕ್ಕೆ ಬರೀ ಬರೆಯುವವನೊಬ್ಬನನ್ನು, ಲಿಪಿಕಾರನನ್ನು, ತಂದು ಕೂರಿಸುತ್ತಾನೆ. ಇದನ್ನು ಕೇಳಿದ್ದೇ ಮೇಷ್ಟ್ರು ಎದ್ದು ನಿಂತರು. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಅಂತ ಕುಮಾರವ್ಯಾಸ ಹದಿನೈದನೆಯ ಶತಮಾನದಲ್ಲೇ ಹೇಳಿಕೊಂಡಿಲ್ಲವೆ? ಪದ ಸಮೇತ ನಮ್ಮಲ್ಲಿತ್ತು! ಹುಡುಗ ಒಂದು ಕ್ಷಣ ತಬ್ಬಿಬ್ಬಾದ. ಆದರೆ ಇಲ್ಲಿ ಮೇಷ್ಟ್ರ ಸಂತೋಷಕ್ಕೆ ಸ್ವಲ್ಪ ನೀರು ಹಾಕಲೇಬೇಕಾಯಿತು. ಕುಮಾರವ್ಯಾಸ ಲೇಖಕನನ್ನು ಕೊಲ್ಲಲಿಲ್ಲ, ಬಡ್ತಿ ಕೊಟ್ಟು ದೇವರನ್ನಾಗಿಸಿದ. ಬಾರ್ತ್‌ನ ತಕರಾರು ಇರುವುದೇ ಲೇಖಕನನ್ನು ದೇವರ ಜಾಗದಲ್ಲಿಟ್ಟು ಅವನಿಂದ ಒಂದೇ ಅರ್ಥದ ಅಪ್ಪಣೆ ಪಡೆಯುವುದರ ಮೇಲೆ. ಇಬ್ಬರೂ ಒಂದೇ ಪದದ ಹತ್ತಿರ ಎದುರುಬದುರು ದಿಕ್ಕಿನಿಂದ ಬಂದು ಮುಖ ಕಂಡು ನಮಸ್ಕಾರ ಮಾಡಿ ಮುಂದೆ ಹೋದವರು. ಹೀಗೆ ಹೇಳಿದ ದಿನ ಮೇಷ್ಟ್ರ ಮನೆಯಲ್ಲಿ ಎರಡನೆಯ ಲೋಟ ಕಾಫಿ ಬರಲಿಲ್ಲ. ಇದು ಯಾವ ಶಕ್ತಿಯ ಅರ್ಥ ಅಂತ ಆನಂದವರ್ಧನನನ್ನು ಕೇಳಬೇಕು.

ಕನ್ನಡದಲ್ಲಿ ಪದಗಳಿಗೂ ಯುಗಾದಿಗೆ ಹೊಸ ಬಟ್ಟೆ ಇರುತ್ತದೆ. ಅಡಿಗರ 'ಚಂಡೆಮದ್ದಳೆ' 1954ರಲ್ಲಿ ಬಂದ ಮೇಲೆ ಪ್ರತಿಮೆ, ಪ್ರಜ್ಞೆ, ಸಂವೇದನೆ, ಅನುಭವದ ಪ್ರಾಮಾಣಿಕತೆ ಇಲ್ಲದೆ ಒಂದು ವಿಮರ್ಶೆ ಹೊರಗೆ ಹೊರಡುತ್ತಿರಲಿಲ್ಲ. 1979ರಲ್ಲಿ ಬಂಡಾಯ ಸಂಘಟನೆ ಬಂತು, ಪ್ರತಿಮೆಗಳು ಪೆಟ್ಟಿಗೆ ಸೇರಿದವು, ಜೀವಪರ, ಜನಪರ, ಸಾಮಾಜಿಕ ಬದ್ಧತೆ ಹೊರಗೆ ಬಂದವು. ಆಮೇಲೆ ವಸಾಹತೋತ್ತರ, ದೇಸಿ, ಸ್ತ್ರೀವಾದಿ, ನಿರಚನೆ. ವಿಮರ್ಶೆಯಲ್ಲಿ "ಸಂಕೀರ್ಣ" ಅಂದರೆ ಅರ್ಥವಾಗಲಿಲ್ಲ ಅಂತ, "ಗಮನಾರ್ಹ" ಅಂದರೆ ಚೆನ್ನಾಗಿಲ್ಲ ಅಂತ, "ಭರವಸೆಯ ಲೇಖಕ" ಅಂದರೆ ನಮ್ಮ ಕಡೆಯ ಹುಡುಗ ಅಂತ ಅರ್ಥಮಾಡಿಕೊಳ್ಳುವಷ್ಟು ಧ್ವನಿಜ್ಞಾನ ಸಾಮಾನ್ಯ ಓದುಗರಿಗೂ ಬಂದಿದೆ. ವಿಮರ್ಶಕರಿಗೆ ಇದು ಗೊತ್ತಿದೆಯೋ ಇಲ್ಲವೋ.

ಇಷ್ಟೆಲ್ಲ ಕಿಚಾಯಿಸಿದ ಮೇಲೆ ನ್ಯಾಯವಾಗಿ ಒಂದು ಮಾತು ಹೇಳದಿದ್ದರೆ ಮಹಡಿಯಿಂದ ಟೀಯೂ ನಿಲ್ಲುತ್ತದೆ. 1965ರ 'ಸಂಸ್ಕಾರ'ವನ್ನೇ ತಗೊಳ್ಳಿ. ಬಂದಾಗ ಅದನ್ನು ಅಸ್ತಿತ್ವವಾದದ ಕಣ್ಣಿನಿಂದ ಓದಿದರು, ಪ್ರಾಣೇಶಾಚಾರ್ಯರ ಆಯ್ಕೆ, ಆತಂಕ, ಅಲೆದಾಟ. ಬ್ರಾಹ್ಮಣ್ಯದ ವಿಮರ್ಶೆ ಅಂತ ಓದಿದರು, ಬ್ರಾಹ್ಮಣರ ಅವಹೇಳನ ಅಂತ ಸಿಟ್ಟಾದರು. ವಿ.ಎಸ್. ನೈಪಾಲ್ 1977ರ ತನ್ನ ಪುಸ್ತಕದಲ್ಲಿ ಅದನ್ನು ಹಿಂದೂ ಮನಸ್ಸಿನ ಎಕ್ಸ್‌ರೇ ಅನ್ನುವ ಹಾಗೆ ದೀಪಕ್ಕೆ ಹಿಡಿದು ನೋಡಿದ. ಇವರೆಲ್ಲ ಆಚಾರ್ಯರ ಹಿಂದೆ ಹಿಂದೆಯೇ ನಡೆದವರು. ಸ್ತ್ರೀವಾದಿ ಓದು ಬಂದ ಮೇಲೆ, ಅಲ್ಲ ಸ್ವಾಮಿ, ಚಂದ್ರಿ ಎಲ್ಲಿ ಹೋದಳು ಅನ್ನುವ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಕೈಯಲ್ಲಿ ಹಿಡಿದು ಮತ್ತೆ ಕಾದಂಬರಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ನಾರಣಪ್ಪನ ಹೆಣ ಬಿದ್ದಿದೆ. ಇಡೀ ಅಗ್ರಹಾರ ಒಂದು ವಿಚಾರ ಸಂಕಿರಣವಾಗಿದೆ. ಆಚಾರ್ಯರು ತಾಳೆಗರಿ ಬಿಚ್ಚಿ ಇದಕ್ಕೆ ಯಾವ ವಿಧಿ ಹೊಂದುತ್ತದೆ ಅಂತ ಹುಡುಕುತ್ತಿದ್ದಾರೆ. ಉಳಿದವರು ಪಕ್ಕದ ಊರಿಗೆ, ಮಠಕ್ಕೆ ಅಂತ ಅಭಿಪ್ರಾಯ ಕೇಳಿಕೊಂಡು ಓಡಾಡುತ್ತಿದ್ದಾರೆ. ಹೆಣ ನಾರುತ್ತಿದೆ. ಚಂದ್ರಿ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆದು, ರಾತ್ರೋರಾತ್ರಿ ಗಾಡಿಯಲ್ಲಿ ಸಾಗಿಸಿ ಸುಡಿಸಿ, ತನ್ನ ದಾರಿ ಹಿಡಿಯುತ್ತಾಳೆ. ಇದು ಗೊತ್ತಿಲ್ಲದ ಅಗ್ರಹಾರದಲ್ಲಿ ಶಾಸ್ತ್ರಚರ್ಚೆ ಮುಂದುವರಿದೇ ಇರುತ್ತದೆ.

ಪುಸ್ತಕದಲ್ಲಿ ಮೊದಲಿನಿಂದ ಇದ್ದದ್ದೇ ಇದು. ಆದರೂ ಒಂದು ತಲೆಮಾರಿನ ಜಾಣ ಓದುಗರ ಕಣ್ಣು ಅದರ ಮೇಲೆ ಹಾದುಹೋಯಿತೇ ಹೊರತು ನಿಲ್ಲಲಿಲ್ಲ. ಹುಡುಗ ಗೆದ್ದನೆಂದು ಬೀಗುವ ಮೊದಲು ಇನ್ನೊಂದು ಮಾತು: ಅದೇ ಓದಿನ ಹೆಸರಿನಲ್ಲಿ ಆಮೇಲೆ ಬಂದ ಸಂಪ್ರಬಂಧಗಳಲ್ಲಿ ಚಂದ್ರಿಯ ಬದಲು ದೇಹ, ಪ್ರಭುತ್ವ, ಲೈಂಗಿಕ ರಾಜಕಾರಣ ಇತ್ಯಾದಿಗಳೇ ಓಡಾಡುತ್ತವೆ, ಆ ಗಾಡಿ ಮತ್ತೆ ಕಾಣೆಯಾಗಿದೆ.

ಮತ್ತೆ ನಮಗೆ ಈ ಶಾಸ್ತ್ರದ ಹುಚ್ಚೆಲ್ಲ ರಕ್ತದಲ್ಲೇ ಬಂದಿರಬೇಕು. ಬೇರೆಯವರಲ್ಲಿ ಮೊದಲು ಕಾವ್ಯ ಹುಟ್ಟಿ, ಅದು ಸ್ವಲ್ಪ ಹಳೆಯದಾದ ಮೇಲೆ ವಿಮರ್ಶಕ ಬರುತ್ತಾನೆ. ಕನ್ನಡದಲ್ಲಿ ಉಳಿದುಬಂದಿರುವ ಮೊದಲ ಗ್ರಂಥವೇ ಪದ್ಯ ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಅಂತ ಹೇಳುವ ಶಾಸ್ತ್ರ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಕವಿಗಳ ಹೆಸರು ಹೇಳುತ್ತದೆ, ದುರ್ವಿನೀತ, ವಿಮಳೋದಯ, ಜಯಬಂಧು, ಕವೀಶ್ವರ, ಲೋಕಪಾಲ. ಅವರ ಒಂದು ಪುಸ್ತಕವೂ ನಮ್ಮ ಕೈಗೆ ಬಂದಿಲ್ಲ. ಕವಿಗಳು ಹೋದರು, ತಪ್ಪು ತಿದ್ದಿದವನು ಉಳಿದ. ಅದರ ಮೊದಲ ಪರಿಚ್ಛೇದವೇ ದೋಷಗಳದ್ದು. ಅದರಲ್ಲೊಂದು ಕಡೆ, ಸಂಸ್ಕೃತವನ್ನೂ ಕನ್ನಡವನ್ನೂ ಅರಿವಿಲ್ಲದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗಾಗುತ್ತದೆ ಅಂತ ಗದರಿದೆ. ಇಂಗ್ಲಿಷಿನಿಂದ ಹೊರಟು ಸಂಸ್ಕೃತದಲ್ಲಿ ಬಟ್ಟೆ ಬದಲಾಯಿಸಿ ಕನ್ನಡಕ್ಕೆ ಬಂದಿಳಿಯುವ ಈಗಿನ ಪರಿಭಾಷೆಗೆ ಅದನ್ನು ಬರೆದವನು ಏನಂತಿದ್ದನೋ. ಹಾಲು ಒಡೆದದ್ದಂತೂ ನಮ್ಮ ಸಂಶೋಧನ ಪ್ರಬಂಧಗಳ ಪ್ರತಿ ಪುಟದಲ್ಲೂ ಕಾಣುತ್ತದೆ.

ಹೀಗಿರುವ ನಮ್ಮ ಭಾಷೆಯಲ್ಲಿ ನನ್ನ ಮೆಚ್ಚಿನ ವಿಮರ್ಶಕರು ಯಾರು ಅಂತ ಮೊನ್ನೆ ಮೇಷ್ಟ್ರೂ ಹುಡುಗನೂ ಗೇಟಿನ ಹತ್ತಿರ ಒಟ್ಟಿಗೆ ಸಿಕ್ಕಿ ಕೇಳಿದರು. ಮನೋರಮೆ ಅಂದೆ. ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಗಂಡನ ಪಕ್ಕ ಕೂತು ಕತೆ ಕೇಳುವವಳು. ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಬಡ ಮನುಷ್ಯ, ತನ್ನ ಬರಹವನ್ನು ಯಾವನೋ ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸಿ, 1901ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಬಾರ್ತ್ ಹುಟ್ಟುವ ಮೊದಲೇ ಲೇಖಕನನ್ನು ತಾನೇ ಮರೆಮಾಡಿದವನು. ಅವನಿಗೆ ಶಾಲು ಹೊದಿಸುವುದಕ್ಕೂ ಆಗಲಿಲ್ಲ, ಯಾಕೆಂದರೆ ಕವಿ ಯಾರು ಅನ್ನುವುದೇ ಗೊತ್ತಿರಲಿಲ್ಲ.

ಆ ಮನೋರಮೆ ಸುಮ್ಮನೆ ಹೂಂಗುಟ್ಟುವವಳಲ್ಲ. ಅವನು ಪದ್ಯವೋ ಗದ್ಯವೋ ಅಂದರೆ ಪದ್ಯ ಬೇಡ ಅನ್ನುತ್ತಾಳೆ. ಸಂಸ್ಕೃತದಲ್ಲಿ ಗಂಟಲು ಸರಿಮಾಡಿಕೊಂಡರೆ ಅರ್ಧಕ್ಕೇ ತಡೆದು ಕನ್ನಡ ಎಲ್ಲಿ ಅಂತ ಕೇಳುತ್ತಾಳೆ. ವರ್ಣನೆ ಬೆಳೆದರೆ ಕತೆಗೆ ಬಾ ಅನ್ನುತ್ತಾಳೆ. ಕವಿ ತಬ್ಬಿಬ್ಬಾಗುತ್ತಾನೆ, ಅರ್ಥ ಬಿಡಿಸುತ್ತಾನೆ, ಹಾದಿ ಬದಲಿಸುತ್ತಾನೆ. ಕೃತಿ ಬರೆಯುತ್ತಿರುವಾಗಲೇ ಕವಿಯನ್ನು ತಿದ್ದಿದ ಇನ್ನೊಬ್ಬ ವಿಮರ್ಶಕರನ್ನು ತೋರಿಸಿ ನೋಡೋಣ ಅಂದೆ.

ಇಬ್ಬರೂ ಗಂಭೀರವಾಗಿ ಯೋಚಿಸಿದರು. ಮೊದಲು ಬಾಯಿ ಬಿಟ್ಟವರು ಮೇಷ್ಟ್ರು. "ಅಲ್ಲ, ಆಕೆಯನ್ನು ಯಾವ ಪ್ರಸ್ಥಾನಕ್ಕೆ ಸೇರಿಸುತ್ತೀರಿ? ರೀತಿಯೋ, ಔಚಿತ್ಯವೋ?"

ಹುಡುಗ ಫೋನು ತೆಗೆದು ಏನೋ ಬರೆದುಕೊಳ್ಳುತ್ತಿದ್ದ. "ಸಾರ್, ಮನೋರಮೆ, ನಿರೂಪಣೆಯ ಯಜಮಾನಿಕೆ ಮತ್ತು ಅಡ್ಡಬಾಯಿಯ ರಾಜಕಾರಣ. ಸೆಮಿನಾರ್‌ಗೆ ಶೀರ್ಷಿಕೆ ಹೇಗಿದೆ?"

"ಪುಸ್ತಕ ಓದಿದ್ದೀಯೇನಪ್ಪಾ?" ಅಂದರು ಮೇಷ್ಟ್ರು.

"ಪೇಪರ್ ಓದುವುದು ಮುಂದಿನ ತಿಂಗಳು ಸಾರ್, ಅಷ್ಟರಲ್ಲಿ ಓದ್ತೀನಿ" ಅಂದ.